ಈ ಬಣ್ಣಕ್ಕೆ ನಮ್ಮಲ್ಲಿ ಏನಂತೀವಿ?

ಜಪಾನಿನ ಕ್ಯೋಟೋಗೆ ಬಂದ ಮೊದಲ ಎರಡು ತಿಂಗಳು ನಾನು ಅಮ್ಮನಿಗೆ ಕಳಿಸಿದ ಫೋಟೋಗಳಲ್ಲಿ ಚಿನ್ನದ ರೇಕು ಹೊದಿಸಿದ ಕಿಂಕಾಕುಜಿ ಇತ್ತು, ಕಿಯೋಮಿಜು ದೇವಾಲಯದ ಮರದ ಅಟ್ಟಣೆ ಇತ್ತು, ಅರಾಶಿಯಾಮಾದ ಬಿದಿರುಮೆಳೆ ಇತ್ತು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಫೋನಿಗೆ ಸಿಗ್ನಲ್ ಬರುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಮ್ಮ ಅಲ್ಲಿ ನಿಂತು ಒಂದೊಂದನ್ನೂ ತೆರೆದು ನೋಡುತ್ತಿದ್ದಳು. ಮೇ ತಿಂಗಳ ಕೊನೆಗೆ ಒಂದು ದಿನ ಹೇಳಿದಳು: "ಚೆನ್ನಾಗಿದೆ. ಆದ್ರೆ ಇವೆಲ್ಲ ಕ್ಯಾಲೆಂಡರಿನಲ್ಲೂ ಇರ್ತವೆ. ನೀನು ಎಲ್ಲಿ ತರಕಾರಿ ತರ್ತೀಯ, ಬಟ್ಟೆ ಎಲ್ಲಿ ಒಣಗಿಸ್ತೀಯ, ಪಕ್ಕದ ಮನೆಯವ್ರು ಎಂಥ ತಿಂತಾರೆ, ಅದೊಂದೂ ಕಾಣಲ್ಲ."

ಆ ಮಾತು ಎರಡು ದಿನ ಬಿಡಲಿಲ್ಲ. ಮನೆಯ ಸುತ್ತಲಿನದನ್ನೇ ತೆಗೆಯೋಣ ಎಂದು ಹೊರಟರೆ ಕಣ್ಣಿಗೆ ಏನೂ ಹತ್ತಲಿಲ್ಲ. ತಂತಿ ಸಿಕ್ಕುಗಟ್ಟಿದ ವಿದ್ಯುತ್ ಕಂಬ, ಸಾಲು ಸೈಕಲ್ಲು, ತಂಪು ಪಾನೀಯದ ಯಂತ್ರ, ಮುಚ್ಚಿದ ಜಾಲಂದ್ರ. ಇದರಲ್ಲಿ ಯಾವುದನ್ನು ತೆಗೆಯುವುದು, ಯಾವುದನ್ನು ಬಿಡುವುದು? ಕೊನೆಗೆ ಅಮ್ಮನಿಗೇ ಕೇಳಿದೆ, "ನೀನೊಂದು ಬಣ್ಣ ಹೇಳು, ಈ ತಿಂಗಳು ಆ ಬಣ್ಣದ್ದನ್ನು ಮಾತ್ರ ತೆಗೀತೀನಿ." ಅಮ್ಮ ತನ್ನ ಸೆರಗು ನೋಡಿಕೊಂಡು "ಗಿಣಿಹಸಿರು" ಅಂದಳು. ಅದೇ ಕಟ್ಟಳೆಯಾಯಿತು. ತಿಂಗಳ ಒಂದನೇ ತಾರೀಕು ಅಮ್ಮ ಉಟ್ಟ ಸೀರೆಯ ಬಣ್ಣವೇ ನನ್ನ ಆ ತಿಂಗಳ ಬಣ್ಣ. ದಿನಕ್ಕೊಂದೇ ಫೋಟೋ. ವಾರದ ದಿನ ಸೈಕಲ್ಲು ಹೋಗುವಷ್ಟು ದೂರ, ಭಾನುವಾರ ಬೇಕಾದರೆ ಬಸ್ಸು, ರೈಲು. ಕ್ಯಾಮೆರಾ ಅಂದರೆ ನನ್ನ ಫೋನು, ಅಷ್ಟೇ. ಜಪಾನಿನಲ್ಲಿ ಮಾರುವ ಹೆಚ್ಚಿನ ಫೋನುಗಳಲ್ಲಿ ಫೋಟೋ ತೆಗೆಯುವಾಗಿನ 'ಕ್ಲಿಕ್' ಸದ್ದನ್ನು ನಿಲ್ಲಿಸಲು ಬರುವುದಿಲ್ಲ. ಕದ್ದು ತೆಗೆಯುವವರನ್ನು ತಡೆಯಲು ಹೀಗೆ ಮಾಡಿದ್ದಾರೆ. ಆ ಸದ್ದಿನಿಂದ ನನಗೆ ಒಳ್ಳೆಯದೇ ಆಯಿತು. ಯಾರದೇ ಅಂಗಡಿಯ ಮುಂದೆ ಮೊದಲು ಕೇಳಿ, ಆಮೇಲೆ ತೆಗೆಯುವ ರೂಢಿ ಬಿತ್ತು. ಕೇಳಿದ್ದರಿಂದ ಮಾತು ಬೆಳೆಯಿತು.

ಜೂನ್ ಇಲ್ಲಿಯೂ ಮಳೆಗಾಲ. 'ತ್ಸುಯು' ಎನ್ನುತ್ತಾರೆ, ಬರೆಯುವಾಗ 'ಉಮೆಯ ಮಳೆ' ಎಂದು ಬರೆಯುತ್ತಾರೆ, ಉಮೆ ಎಂಬ ಹುಳಿಹಣ್ಣಿನ ಕಾಯಿ ಬಲಿಯುವ ಹೊತ್ತಿನ ಮಳೆ. ಮಲೆನಾಡಿನಲ್ಲಿ ಬೆಳೆದವಳಿಗೆ ಒದ್ದೆ ಕೊಡೆ, ಒಣಗದ ಬಟ್ಟೆ, ಗೋಡೆಯ ಬುಡದ ಪಾಚಿ ಎಲ್ಲ ನೆಂಟರಂತೆ ಕಂಡವು. ಬಿಸಿಲಿನಲ್ಲಿ ತೆಗೆದ ಪಾಚಿಯ ಫೋಟೋದಲ್ಲಿ ಹೊಳಪಿನ ಚುಕ್ಕೆಗಳು ಮಾತ್ರ ಎದ್ದು, ಹಸಿರು ಕಳೆದುಹೋಗುತ್ತದೆ. ಮೋಡ ಮುಚ್ಚಿದ ದಿನ, ಮಳೆ ನಿಂತ ಹತ್ತು ನಿಮಿಷಕ್ಕೆ ತೆಗೆದರೆ ಅದೇ ಪಾಚಿಯಲ್ಲಿ ಐದಾರು ಹಸಿರು ಬಿಚ್ಚಿಕೊಳ್ಳುತ್ತವೆ. ಮೊದಲ ವಾರ ಕಲಿತದ್ದು ಇದು. ನಂತರ ಸಂತೆಯ ಹಸಿರು: ಕ್ಯೋಟೋದ ಕುಜೋ ಈರುಳ್ಳಿಯ ಉದ್ದನೆಯ ಹಸಿರೆಲೆ, ಹಸಿ ಸೋಯಾ ಕಾಯಿ, ನಮ್ಮ ಹಾಗಲಕಾಯಿಗಿಂತ ದಪ್ಪ ಗಂಟಿನ ಹಾಗಲ. ಹಾಗಲದ ಫೋಟೋಗೆ ಅಮ್ಮನ ಉತ್ತರ, "ಗೊಜ್ಜು ಮಾಡು."

ಒಂದು ಭಾನುವಾರ ಉಜಿಗೆ ಹೋದೆ. ಕ್ಯೋಟೋದಿಂದ ಅರ್ಧ ಗಂಟೆಯೊಳಗಿನ ರೈಲು. ಚಹಾ ಎಲೆ ಬೀಸಿ ಮಾಡುವ ಮಚ್ಚಾ ಪುಡಿಯ ಆ ಕಣ್ಣು ಕೋರೈಸುವ ಹಸಿರು ಎಲ್ಲಿಂದ ಬರುತ್ತದೆಂದು ಅಲ್ಲಿಯ ಚಹಾ ಅಂಗಡಿಯಾಕೆ ತಿಳಿಸಿದರು. ಮೇ ತಿಂಗಳ ಕುಯ್ಲಿಗೆ ಮೊದಲು ಮೂರು ವಾರದಷ್ಟು ಕಾಲ ಗಿಡಗಳಿಗೆ ಚಪ್ಪರ ಹಾಕಿ ಬಿಸಿಲು ತಪ್ಪಿಸುತ್ತಾರೆ. ಬೆಳಕು ಕಡಿಮೆಯಾದಾಗ ಎಲೆ ಹೆಚ್ಚು ಹೆಚ್ಚು ಪತ್ರಹರಿತ್ತನ್ನು ಕೂಡಿಟ್ಟುಕೊಳ್ಳುತ್ತದೆ, ಒಗರು ಇಳಿದು ಸಿಹಿಯಂಥ ರುಚಿ ಉಳಿಯುತ್ತದೆ. ಆಮೇಲೆ ಹಬೆಯಲ್ಲಿ ಬಾಡಿಸಿ, ಒಣಗಿಸಿ, ನಾರು ತೆಗೆದು, ಬೀಸುಕಲ್ಲಿಗೆ ಹಾಕುತ್ತಾರೆ. ಒಂದು ಕಲ್ಲು ಗಂಟೆಗೆ 40 ಗ್ರಾಂ ಬೀಸಿದರೆ ಹೆಚ್ಚು. ಜೋರಾಗಿ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪುಡಿ ಹಾಳಾಗುತ್ತದಂತೆ. ಬೀಸುಕಲ್ಲಿನ ಅಂಚಿನಿಂದ ಹಸಿರು ಪುಡಿ ಉದುರುವುದನ್ನು ತೆಗೆದು ಕಳಿಸಿದೆ. ಅಮ್ಮ ಅದನ್ನು 'ಚಿಗುರು ಹಸಿರು' ಎನ್ನಲಿಲ್ಲ. "ಒಂದೆಲಗ ಅರೆದಾಗಿನ ಹಸಿರು" ಅಂದಳು. ತಂಬುಳಿಗೆ ಒಂದೆಲಗ ಅರೆಯುವಾಗ ಮೊಸರು ಸೇರುವ ಮೊದಲು ಒಂದು ಗಳಿಗೆ ಇರುವ ಬಣ್ಣ ಅದು. ನಾನು ಎಷ್ಟು ಸಲ ನೋಡಿದ್ದೆ, ಹೆಸರಿಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಫೋಟೋದ ಕೆಳಗೂ ನಾನು ಒಂದೇ ಪ್ರಶ್ನೆ ಬರೆಯತೊಡಗಿದೆ: ಈ ಬಣ್ಣಕ್ಕೆ ನಮ್ಮಲ್ಲಿ ಏನಂತೀವಿ?

ಪಕ್ಕದ ಮನೆಯ ಅಜ್ಜಿಯ ಪರಿಚಯ ಗಟ್ಟಿಯಾದದ್ದೂ ಆ ತಿಂಗಳೇ. ಎಪ್ಪತ್ತು ದಾಟಿದವರು, ಒಬ್ಬರೇ ಇದ್ದಾರೆ, ಹಳೆಯ ಮರದ ಮನೆ. ಅವರ ಜೊತೆ ಸಂತೆಗೆ ಹೊರಟಿದ್ದಾಗ ಸಿಗ್ನಲ್ ದೀಪ ಹಸಿರಾಯಿತು. ಅಜ್ಜಿ ನನ್ನ ತೋಳು ಮುಟ್ಟಿ "ಅವೊ" ಅಂದರು. ಅವೊ ಅಂದರೆ ನೀಲಿ ಎಂದು ಪುಸ್ತಕದಲ್ಲಿ ಓದಿದ್ದೆ. ದೀಪ ಹಸಿರೇ ಇತ್ತು. ಮನೆಗೆ ಬಂದು ಕೇಳಿ, ಓದಿ ತಿಳಿದುಕೊಂಡೆ. ಹಳೆಯ ಜಪಾನಿ ಭಾಷೆಯಲ್ಲಿ ನೀಲಿಗೂ ಹಸಿರಿಗೂ ಸೇರಿ ಇದ್ದದ್ದು ಅವೊ ಒಂದೇ. ಹಸಿರಿಗೆ ಬೇರೆಯಾಗಿ 'ಮಿದೊರಿ' ಎನ್ನುವ ರೂಢಿ ಆಮೇಲೆ ಬೇರೂರಿತು. 1930ರಲ್ಲಿ ಟೋಕಿಯೋದ ಹಿಬಿಯಾ ಚೌಕದಲ್ಲಿ ಮೊದಲ ಸಂಚಾರ ದೀಪ ಬಂದಾಗಲೂ ಜನ ಹಸಿರು ದೀಪವನ್ನು ಅವೊ ಎಂದೇ ಕರೆದರು, ಇಂದಿಗೂ ಕರೆಯುತ್ತಾರೆ. ಹಸಿರು ಸೇಬು ಅವೊ ಸೇಬು. ಎಳೆಯ ಎಲೆ ಅವೊ ಎಲೆ. ಅನುಭವ ಸಾಲದ ಹುಡುಗನೂ ಅವೊ. ಈ ಕೊನೆಯದನ್ನು ಕೇಳಿದಾಗ ನಾನು ಕೂತಲ್ಲೇ ನೆಟ್ಟಗಾದೆ. ಹಸಿ, ಹಸಿರು: ನಮ್ಮಲ್ಲೂ ಮಾಗದ್ದಕ್ಕೂ ಎಲೆಯ ಬಣ್ಣಕ್ಕೂ ಬೇರು ಒಂದೇ ಅಲ್ಲವೇ? ಅಮ್ಮನಿಗೆ ಹೇಳಿದರೆ ಅವಳಿಗೆ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ನಮ್ಮ ಕೃಷ್ಣ ಕರಿಯನೋ, ನೀಲಿಯವನೋ? ಎರಡೂ ಹೌದು ತಾನೆ?" ಅಂದಳು.

ಜುಲೈಗೆ ಬದನೆಕಾಯಿ ಬಣ್ಣದ ಸೀರೆ. ಊರಿನ ಉತ್ತರಕ್ಕಿರುವ ಒಹಾರಾ ಹಳ್ಳಿಯ ಗದ್ದೆಗಳಲ್ಲಿ ಆಗ ಕೆಂಪು ಶಿಸೋ ಎಲೆ ತುಂಬಿರುತ್ತದೆ, ತುಳಸಿಯ ದಾಯಾದಿಯಂಥ ಗಿಡ. ಆ ಎಲೆ, ಬದನೆಕಾಯಿ, ಉಪ್ಪು ಇಷ್ಟೇ ಹಾಕಿ ಕಲ್ಲು ಹೇರಿ ಹುಳಿ ಬರಿಸಿದ ಉಪ್ಪಿನಕಾಯಿ ಶಿಬಾಜುಕೆ. ಅನ್ನದ ಮೇಲೆ ಇಟ್ಟರೆ ಅನ್ನಕ್ಕೂ ಬಣ್ಣ ಇಳಿಯುತ್ತದೆ. ತಿಂಗಳ ಉಳಿದ ದಿನಗಳಲ್ಲಿ ನೇರಳೆ ಬಣ್ಣ ಹುಡುಕಲು ಬಹಳ ಕಷ್ಟಪಟ್ಟೆ. ಮೂರು ದಿನ ಒಂದೇ ಜಾತಿಯ ಹೂವನ್ನು ಕಳಿಸಿದ್ದೇನೆ.

ಆಗಸ್ಟ್ ಕೆಂಪು. ಈ ತಿಂಗಳ ಬಗ್ಗೆ ನನಗೆ ಹೇಳಿ ಮುಗಿಯುವುದಿಲ್ಲ.

ಫುಶಿಮಿ ಇನಾರಿ ಗುಡ್ಡಕ್ಕೆ ಹೋಗದೆ ಕ್ಯೋಟೋದ ಕೆಂಪು ಪೂರ್ತಿಯಾಗದು. 711ರಲ್ಲಿ ನೆಲೆಗೊಂಡಿತೆಂದು ಹೇಳುವ ಅಕ್ಕಿಯ ದೇವರ ಕ್ಷೇತ್ರ ಅದು. ಸೆಕೆ ಏರುವ ಮೊದಲೇ ಮುಗಿಸಬೇಕೆಂದು ಬೆಳಿಗ್ಗೆ ಐದೂವರೆಗೆ ಹತ್ತಲು ಶುರು ಮಾಡಿದೆ. ಹರಕೆಯ ತೋರಣಗಂಬಗಳು, ಸಾವಿರಾರು, ಒಂದಕ್ಕೊಂದು ಅಂಟಿಕೊಂಡು 233 ಮೀಟರ್ ಎತ್ತರದ ಬೆಟ್ಟದ ತುದಿಯವರೆಗೂ ಹೋಗುತ್ತವೆ. ಮೊದಲ ಫೋಟೋ ತೆಗೆದು ನೋಡಿದರೆ ಎಲ್ಲ ಒಂದೇ ಕಿತ್ತಳೆ ಮುದ್ದೆ. ಫೋನಿನ ಕ್ಯಾಮೆರಾ ಗಾಢ ಕೆಂಪಿಗೆ ಬೇಗ ಸೋಲುತ್ತದೆ, ಮರದ ಗೆರೆ, ನೆರಳು ಎಲ್ಲ ಅಳಿಸಿಹೋಗುತ್ತವೆ. ಬೆಳಕಿನ ಗುರುತನ್ನು ಬೆರಳಿನಿಂದ ಕೆಳಗೆಳೆದು, ಚಿತ್ರ ಕತ್ತಲಾಯಿತು ಎನ್ನಿಸುವವರೆಗೆ ಇಳಿಸಿದ ಮೇಲೆ ಕಂಬದ ಮೇಲಿನ ಬಿರುಕು ಮೂಡಿತು. ಹತ್ತುವಾಗ ಬರೀ ಬಣ್ಣ ಕಾಣುತ್ತದೆ. ಇಳಿಯುವಾಗ ಕಂಬಗಳ ಹಿಂಬದಿಯಲ್ಲಿ ಕಪ್ಪು ಅಕ್ಷರ ಕಾಣುತ್ತದೆ: ಕೊಟ್ಟವರ ಹೆಸರು, ಕೊಟ್ಟ ತಿಂಗಳು. ಕೆಲವು ಕಂಬಗಳ ಬುಡ ಮಳೆಗೆ ಲಡ್ಡಾಗಿ, ಬಣ್ಣ ಎದ್ದು, ಒಳಗಿನ ಮರ ಹೊರಬಂದಿತ್ತು. ನನಗೆ ಬೇಕೆನಿಸಿದ್ದು ಅಂಥದೊಂದು ಬುಡ. ಅದನ್ನೇ ಕಳಿಸಿದೆ. ಅಮ್ಮ, "ಇದು ಕೆಂಪಲ್ಲ, ಆಂಜನೇಯನಿಗೆ ಬಳಿಯೋ ಸಿಂಧೂರ" ಅಂದಳು. ಸರಿಯಾಗಿ ಹೇಳಿದ್ದಳು. ಜಪಾನಿಯರೂ ಅದನ್ನು ಕೆಂಪು ಎನ್ನುವುದಿಲ್ಲ, 'ಶು' ಎನ್ನುತ್ತಾರೆ, ಪಾದರಸದ ಅದಿರಿನಿಂದ ಮಾಡುತ್ತಿದ್ದ ಹಳೆಯ ಇಂಗಲೀಕದ ಬಣ್ಣ.

ಗಿಯೋನ್ ಬೀದಿಗೂ ಹೋದೆ, ಕೆಂಪು ಲಾಟೀನುಗಳಿಗಾಗಿ. ಅಲ್ಲಿಯ ಖಾಸಗಿ ಓಣಿಗಳಲ್ಲಿ ಫೋಟೋ ತೆಗೆಯಬಾರದು, ತೆಗೆದರೆ 10,000 ಯೆನ್ ಎಂದು 2019ರಿಂದ ಫಲಕ ಹಾಕಿದ್ದಾರೆ. ಕೆಲಸಕ್ಕೆ ಹೊರಟ ಗೇಶಾ ಹೆಣ್ಣುಮಕ್ಕಳ ಬೆನ್ನುಹತ್ತಿ ಕಿಮೋನೋ ಎಳೆಯುವವರೆಗೂ ಪ್ರವಾಸಿಗರ ಹುಚ್ಚು ಬೆಳೆದಿತ್ತು. ಫೋನನ್ನು ಚೀಲಕ್ಕೆ ಹಾಕಿ ಸುಮ್ಮನೆ ನಡೆದುಬಂದೆ. ಆ ದಿನದ ಫೋಟೋ ನಮ್ಮ ಬೀದಿಯ ಅಂಚೆಪೆಟ್ಟಿಗೆ. ಊರಿನ ಅಂಚೆಪೆಟ್ಟಿಗೆಯ ಹಾಗೆಯೇ ಕೆಂಪು, ಅಮ್ಮನಿಗೆ ಅದು ಲಾಟೀನಿಗಿಂತ ಹಿಡಿಸಿತು.

ಆದರೆ ಆಗಸ್ಟಿನ ನಿಜವಾದ ಕೆಂಪು ನನಗೆ ಸಿಕ್ಕಿದ್ದು ಹತ್ತು ಹೆಜ್ಜೆ ದೂರದಲ್ಲಿ, ಪಕ್ಕದ ಮನೆಯ ಅಜ್ಜಿಯ ಬಾಗಿಲಲ್ಲಿ. ಅವರ ಮನೆಯ ಮುಂದಿನ ಮರದ ಜಾಲಂದ್ರ ಇಟ್ಟಿಗೆ ಕೆಂಪು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ಕೆಂಪೆಂದು ಅನಿಸಿಯೇ ಇರಲಿಲ್ಲ. ಫೋಟೋ ತೆಗೆಯಲೇ ಎಂದು ಕೇಳಿದಾಗ ಅಜ್ಜಿ ಅದರ ಹೆಸರು ಹೇಳಿದರು: 'ಬೆಂಗರಾ'. ಕಬ್ಬಿಣದ ಕೆಂಪು ತುಕ್ಕಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಮರಕ್ಕೆ ಉಜ್ಜುತ್ತಾರೆ. ಹುಳು ಹಿಡಿಯುವುದಿಲ್ಲ, ಬೇಗ ಕೊಳೆಯುವುದಿಲ್ಲ. ಬೆಂಗರಾ ಎಂಬ ಶಬ್ದ ಎಲ್ಲಿಯದೆಂದು ಹುಡುಕಿದರೆ ಅದು ನಮ್ಮ ಬಂಗಾಳ! ಹಿಂದೆ ಈ ಪುಡಿ ಬಂಗಾಳದ ಕಡೆಯಿಂದ ಬರುತ್ತಿದ್ದುದರಿಂದ ಆ ಹೆಸರು. ಆಮೇಲೆ ಒಕಾಯಾಮಾದ ಫುಕಿಯಾ ಎಂಬ ಬೆಟ್ಟದೂರಿನಲ್ಲಿ ಜಪಾನಿಯರೇ ಮಾಡತೊಡಗಿದರು, ಆ ಊರಿನ ಬೀದಿಗೆ ಬೀದಿಯೇ ಕೆಂಪಾಗಿ ನಿಂತಿದೆಯಂತೆ.

ಕಬ್ಬಿಣದ ಕೆಂಪು ಅಂದಕೂಡಲೇ ನನಗೆ ಅಂಗಾಲಿನಲ್ಲಿ ತಣ್ಣಗಾಯಿತು. ನಮ್ಮ ಮನೆಯ ನಡುಮನೆಯ ನೆಲ ಇದೇ ಕೆಂಪು. ಗಾರೆಯ ಮೇಲೆ ಕೆಂಪು ಆಕ್ಸೈಡ್ ಪುಡಿ ಹಾಕಿ ಉಜ್ಜಿ ಉಜ್ಜಿ ನಯ ಮಾಡಿದ್ದು. ಹಬ್ಬಕ್ಕೆ ಮೊದಲು ಅಮ್ಮ ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಮುಖ ಕಾಣುತ್ತಿತ್ತು. ನಮ್ಮೂರಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವ ಮೊದಲು ಗೋಡೆಗೆ ಬಳಿಯುವ ಕೆಮ್ಮಣ್ಣೂ ಇದೇ ಕಬ್ಬಿಣದ ಕೆಂಪು. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಜಾಲಂದ್ರದ ಫೋಟೋಗೆ ನಾನು ಪ್ರಶ್ನೆ ಬರೆಯಲಿಲ್ಲ. ಅಮ್ಮ ಉತ್ತರವಾಗಿ ಒಂದು ಫೋಟೋ ಕಳಿಸಿದಳು, ಅವಳು ಕಳಿಸಿದ ಮೊದಲ ಫೋಟೋ ಅದು. ನಡುಮನೆಯ ನೆಲ, ಮಾಡಿನ ಗಾಜುಹೆಂಚಿನಿಂದ ಬಿದ್ದ ಬಿಸಿಲಿನ ಒಂದು ಚೌಕ, ಅಂಚಿನಲ್ಲಿ ಅವಳ ಹೆಬ್ಬೆರಳು.

ಅದೇ ಜಾಲಂದ್ರದ ಹಿಂದೆ ಅಜ್ಜಿ ಉಮೆಬೋಶಿ, ಅಂದರೆ ಉಪ್ಪು ಹಾಕಿದ ಉಮೆ, ಒಣಗಿಸುತ್ತಿದ್ದರು. ಜೂನಿನಲ್ಲಿ ನಾನು ಹಸಿರೆಂದು ಫೋಟೋ ತೆಗೆದಿದ್ದ ಕಾಯಿಗಳೇ ಇವು. ಅಂದಿನಿಂದ ಕಥೆ ಹೀಗೆ ನಡೆದಿತ್ತು: ಹಳದಿ ತಿರುಗಿದ ಕಾಯಿಯನ್ನು ಅದರ ತೂಕದ ಐದನೆಯ ಒಂದು ಭಾಗದಷ್ಟು ಉಪ್ಪಿನಲ್ಲಿ ಹಾಕಿ ಮೇಲೆ ಭಾರ ಇಟ್ಟರು. ವಾರದಲ್ಲಿ ಹುಳಿನೀರು ಬಿಟ್ಟಿತು. ಕೆಂಪು ಶಿಸೋ ಎಲೆಗೆ ಉಪ್ಪು ಹಾಕಿ ತಿಕ್ಕಿ, ಮೊದಲ ಮಸಿನೀರು ಚೆಲ್ಲಿ, ಎಲೆಯನ್ನು ಆ ಹುಳಿನೀರಿಗೆ ಹಾಕಿದರು. ಕಂದುನೇರಳೆ ಎಲೆ ಹುಳಿ ತಾಗಿದ್ದೇ ತಡ, ಪಾತ್ರೆಯೆಲ್ಲ ದಾಸವಾಳದ ಕೆಂಪಾಯಿತು. ಮಳೆ ಹಿಂದಾದ ಮೇಲೆ ಮೂರು ಹಗಲು ಮೂರು ರಾತ್ರಿ ಬಿದಿರಿನ ತಟ್ಟೆಯಲ್ಲಿ ಹರಡಿ ಒಣಗಿಸುವುದು. ಕಿತಾನೋ ತೆನ್‌ಮಂಗೂ ದೇವಸ್ಥಾನದ ಅಂಗಳದಲ್ಲೂ ಹೀಗೆಯೇ ಚಾಪೆ ತುಂಬ ಒಣಗಿಸುತ್ತಾರೆ. ವರ್ಷದ ಕೊನೆಗೆ ಅದನ್ನು ಭಕ್ತರಿಗೆ ಕೊಡುತ್ತಾರೆ, ಹೊಸ ವರ್ಷದ ಮೊದಲ ಚಹಾಕ್ಕೆ ಹಾಕಿಕೊಳ್ಳಲು. ಅಜ್ಜಿ ಒಂದೊಂದು ಹಣ್ಣನ್ನೂ ಬೆರಳಿನಿಂದ ಮಗುಚುತ್ತಿದ್ದ ರೀತಿ, ಸಿಪ್ಪೆ ಹರಿಯದ ಹಾಗೆ ಹಿಡಿಯುವ ಆ ಎರಡು ಬೆರಳು, ನನಗೆ ಅಪ್ಪೆಮಿಡಿಯ ದಿನಗಳನ್ನು ನೆನಪಿಸಿತು. ತೊಟ್ಟು ಮುರಿಯದ ಮಿಡಿ, ಉಪ್ಪಿನಲ್ಲಿ ಸುಕ್ಕಾಗುವವರೆಗೆ ಕಾಯುವುದು, ಒದ್ದೆ ಕೈ ತಾಗಿಸಬಾರದೆಂಬ ಮಡಿ. ನಾನು ನನಗೆ ಬಂದ ಜಪಾನಿ ಭಾಷೆಯಲ್ಲಿ ಅದನ್ನೆಲ್ಲ ಹೇಳಿದೆ. ಅಜ್ಜಿ ಮಗುಚುವುದನ್ನು ನಿಲ್ಲಿಸಿ ಕೇಳಿದರು, "ಉಪ್ಪು ಎಷ್ಟು ಹಾಕ್ತೀರಿ?"

ಸೆಪ್ಟೆಂಬರಿಗೆ ಅಮ್ಮ ನೀಲಿ ಉಟ್ಟಳು. ಒಹಾರಾದಲ್ಲಿ ಒಂದು ಚಿಕ್ಕ ಬಣ್ಣಗಾರರ ಮನೆಯಲ್ಲಿ, ಹಣ ಕೊಟ್ಟು ಒಂದು ವಸ್ತ್ರ ನಾವೇ ಅದ್ದಿ ತೆಗೆಯಬಹುದು. ನಮ್ಮ ನೀಲಿ ಗಿಡ ಬೇರೆ, ಜಪಾನಿನದು ಬೇರೆ. ಆದರೆ ಎರಡರ ಎಲೆಯಲ್ಲೂ ಇರುವ ಬಣ್ಣ ಒಂದೇ. ಇಲ್ಲಿ ಆ ಎಲೆಯನ್ನು ತಿಂಗಳುಗಟ್ಟಲೆ ಗೊಬ್ಬರದಂತೆ ಕೊಳೆಯಿಸಿ, ಬೂದಿನೀರಿನ ಹರವಿಯಲ್ಲಿ ಹುದುಗು ಬರಿಸುತ್ತಾರೆ. ಹರವಿಯ ಹತ್ತಿರ ಹೋದರೆ ದನದ ಕೊಟ್ಟಿಗೆಯ ವಾಸನೆ. ಮೇಲೆ ನೀಲಿ ನೊರೆ, ಕೆಳಗೆ ಹಸಿರುಗಂದು ನೀರು. ಬಿಳಿ ಕರವಸ್ತ್ರ ಅದ್ದಿ, ನೀರೊಳಗೇ ಮೆಲ್ಲಗೆ ಹಿಂಡಿ, ಮೇಲೆತ್ತಿದೆ. ಅದು ನೀಲಿ ಇರಲಿಲ್ಲ, ಬಾಳೆಯ ಸುಳಿಯಂಥ ಹಳದಿ ಬೆರೆತ ಹಸಿರು. ಕೈಯಲ್ಲಿ ಹಿಡಿದು ಬಿಡಿಸುತ್ತಿದ್ದಂತೆ ಗಾಳಿ ತಾಗಿದ ಮಡಿಕೆಯ ಅಂಚಿನಿಂದ ನೀಲಿ ಏರತೊಡಗಿತು. ಅರ್ಧ ನಿಮಿಷ, ಒಂದು ನಿಮಿಷ. ಅದೇ ಬಟ್ಟೆಯಲ್ಲಿ ಹಸಿರೂ ನೀಲಿಯೂ ಒಟ್ಟಿಗೆ ಇದ್ದವು, ಎಲ್ಲಿ ಇದು ಮುಗಿದು ಅದು ಶುರುವಾಯಿತೆಂದು ತೋರಿಸಲು ಬರುವಂತಿರಲಿಲ್ಲ. ಸಿಗ್ನಲ್ ದೀಪದ ಹತ್ತಿರ ಅಜ್ಜಿ ಹೇಳಿದ ಅವೊ ನನಗೆ ಅಲ್ಲಿ ಅರ್ಥವಾಯಿತು.

ಎರಡು ಕೈಯೂ ಹರವಿಯಲ್ಲಿದ್ದುದರಿಂದ ಆ ನಿಮಿಷದ ಫೋಟೋ ನನ್ನ ಬಳಿ ಇಲ್ಲ. ಇರುವುದು ಬಣ್ಣಗಾರರ ಬೆರಳಿನ ಫೋಟೋ, ಅವರೇ ಕೈ ಚಾಚಿ ಕೊಟ್ಟದ್ದು. ಉಗುರಿನ ಅಂಚಿನಲ್ಲಿ ಎಂದೂ ಹೋಗದ ನೀಲಿ. ಅಮ್ಮ ಬರೆದಳು, "ತುತ್ತದ ನೀಲಿ. ಕೊನೆಗಾರರ ಕೈ." ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆಯುತ್ತಾರೆ. ಮರದಿಂದ ಇಳಿದವರ ಅಂಗಿ, ಕೈ, ಹುಬ್ಬು ಎಲ್ಲ ತಿಳಿನೀಲಿ. ಚಿಕ್ಕವಳಿದ್ದಾಗ ಆ ಡ್ರಮ್ಮಿನ ಹತ್ತಿರ ನಮ್ಮನ್ನು ಸುಳಿಯಗೊಡುತ್ತಿರಲಿಲ್ಲ. ಅಮ್ಮ ನಾಲ್ಕು ಪದದಲ್ಲಿ ಇಷ್ಟನ್ನು ಹೇಳಿದ್ದಳು.

ಅಕ್ಟೋಬರ್ ಬೂದುಬಣ್ಣ, ಸಪ್ಪೆಯಾಗಬಹುದೆಂದು ಹೆದರಿದ್ದೆ. ಹಾಗಾಗಲಿಲ್ಲ. ಮಳೆಗೆ ನೆಂದ ಹೆಂಚಿನ ಮಾಡುಗಳು ಸಾಲಾಗಿ ಹೊಳೆಯುತ್ತವೆ. ಇಲ್ಲಿಯ ಹೆಂಚನ್ನು ಗೂಡಿನಲ್ಲಿ ಕೊನೆಗೆ ಹೊಗೆ ಹಾಕಿ ಸುಡುವುದರಿಂದ ಮೇಲೆ ಇಂಗಾಲದ ಪೊರೆ ಕೂತು ಆ ಬೆಳ್ಳಿಬೂದು ಬರುತ್ತದೆ. ನಮ್ಮ ಮಂಗಳೂರು ಹೆಂಚಿನ ಕೆಂಪು ನೋಡಿದ ಕಣ್ಣಿಗೆ ಇದೇ ದೊಡ್ಡ ಬದಲಾವಣೆ. ಜಪಾನಿಯಲ್ಲಿ ಈ ಬಣ್ಣಕ್ಕೆ 'ಹಾಯ್‌-ಇರೊ' ಎನ್ನುತ್ತಾರೆ. ಹಾಯ್ ಅಂದರೆ ಬೂದಿ. ಬೂದಿಯಿಂದ ಬೂದು, ನಮ್ಮ ಹಾಗೆಯೇ! ಕಾಮೋ ನದಿಯ ಕಟ್ಟೆಯ ಮೇಲೆ ಒಂಟಿಕಾಲಿನಲ್ಲಿ ನಿಲ್ಲುವ ಕೊಕ್ಕರೆಯೊಂದಿದೆ, ನಮ್ಮ ಕೆರೆಗಳಲ್ಲೂ ಕಾಣುವ ಬೂದು ಬಕ. ಅದನ್ನು ಮಾತ್ರ ಇಲ್ಲಿ ಬೂದಿಯ ಹೆಸರಿನಿಂದ ಕರೆಯುವುದಿಲ್ಲ. ಅವೊಸಾಗಿ ಅನ್ನುತ್ತಾರೆ, ಅವೊ ಬಕ. ಅದೇ ಹಕ್ಕಿ, ಅದೇ ರೆಕ್ಕೆ. ನಾವು ಬೂದಿ ಕಂಡೆವು, ಅವರು ಹಸಿರುನೀಲಿ ಕಂಡರು. ಆ ಹಕ್ಕಿಯನ್ನು ಒಂಬತ್ತು ದಿನ ಹೋಗಿ ತೆಗೆದಿದ್ದೇನೆ. ಮೋಡವಿದ್ದ ದಿನ ಅದು ನಮ್ಮ ಬೂದು ಬಕ, ಸೂರ್ಯ ಮುಳುಗಿ ಆಕಾಶದ ನೀಲಿ ನೀರಿಗಿಳಿದಾಗ ಅವರ ಅವೊಸಾಗಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ನವೆಂಬರ್ ಹಳದಿ, ಮತ್ತು ನಾನು ತಪ್ಪು ಮಾಡಿದ ತಿಂಗಳು. ಒಂದನೇ ತರಗತಿಯ ಮಕ್ಕಳು ಹಳದಿ ಟೋಪಿ ಹಾಕಿ ಸಾಲಾಗಿ ಹೋಗುತ್ತಾರೆ, ವಾಹನ ಓಡಿಸುವವರಿಗೆ ದೂರದಿಂದಲೇ ಕಾಣಲೆಂದು. ಹಿಂದಿನಿಂದ ತೆಗೆಯುತ್ತಿದ್ದೇನೆ, ಮುಖ ಕಾಣುವುದಿಲ್ಲ ಎಂದು ಎಣಿಸಿ ತೆಗೆದೆ. ಸದ್ದು ಕೇಳಿ ಎರಡು ಮಕ್ಕಳು ತಿರುಗಿದರು. ರಸ್ತೆ ದಾಟಿಸಲು ನಿಂತಿದ್ದ ಹಿರಿಯರು ಹತ್ತಿರ ಬಂದು ಎರಡು ಕೈಯನ್ನು ಎದೆಯ ಮುಂದೆ ಕತ್ತರಿಯಂತೆ ಹಿಡಿದರು. ಬೈಯಲಿಲ್ಲ. ಅವರ ಎದುರಿಗೇ ಫೋಟೋ ಅಳಿಸಿ ತೋರಿಸಿದೆ. ಯಾರದೋ ಮಗುವನ್ನು ನನ್ನ ಬಣ್ಣವನ್ನಾಗಿ ಮಾಡಿಕೊಳ್ಳಲು ನನಗೆ ಹಕ್ಕಿರಲಿಲ್ಲ. ಆ ದಿನದಿಂದ ಜನರ ಫೋಟೋ ಬೇಕಾದರೆ ಕೈಗಳನ್ನು ಮಾತ್ರ, ಅದೂ ಕೇಳಿಯೇ ತೆಗೆದೆ.

ತಲೆ ತಗ್ಗಿಸಿ ವಾಪಸು ಬರುವಾಗ ಕಾಲಡಿಯಲ್ಲಿಯೇ ಹಳದಿ ಇತ್ತು. ಕಣ್ಣು ಕಾಣದವರಿಗೆ ದಾರಿ ತೋರುವ ಉಬ್ಬುಗೆರೆಯ ಹಾಸುಬಿಲ್ಲೆ. ಸೆಯಿಚಿ ಮಿಯಾಕೆ ಎಂಬುವರು 1965ರಲ್ಲಿ ರೂಪಿಸಿದ್ದು. 1967ರ ಮಾರ್ಚ್ 18ರಂದು ಒಕಾಯಾಮಾದಲ್ಲಿ ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲು ಹಾಸಿದರು. ಗುಂಡುಗುಂಡು ಉಬ್ಬು ಬಂದರೆ 'ನಿಲ್ಲು', ಉದ್ದ ಗೆರೆ ಬಂದರೆ 'ನಡೆ'. ಹಳದಿ ಏಕೆಂದರೆ ದೃಷ್ಟಿ ಮಂದವಾದವರಿಗೂ ಆ ಬಣ್ಣ ಬೂದು ರಸ್ತೆಯ ಮೇಲೆ ಎದ್ದು ಕಾಣುತ್ತದೆ. ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ಅದರ ಮೇಲೆಯೇ ಎಷ್ಟು ಸಲ ನಿಂತಿದ್ದೆನೋ, ಅದೊಂದು ಭಾಷೆ ಎಂದು ತಿಳಿದಿರಲಿಲ್ಲ. ಆ ವಾರವೆಲ್ಲ ಅದರ ಮೇಲೆ ಉದುರಿದ ಗಿಂಕೊ ಎಲೆಗಳನ್ನು ತೆಗೆದೆ, ಹಳದಿಯ ಮೇಲೆ ಹಳದಿ. ಅಮ್ಮ ಎರಡನ್ನೂ ಬೇರೆ ಮಾಡಿದಳು: ಬಿಲ್ಲೆ 'ಅರಿಶಿನ', ಎಲೆ 'ನಿಂಬೆ'.

ಡಿಸೆಂಬರಿಗೆ ಕಪ್ಪು ಚಂದ್ರಕಾಳಿ ಸೀರೆ. ಸುಟ್ಟು ಕಪ್ಪಾಗಿಸಿದ ಮರದ ಹಲಗೆಯ ಗೋಡೆ, ಹಾಳೆ ಹಾಳೆ ಕಡಲಪಾಚಿ, ಕಾಗೆ. ಹೊಸ ವರ್ಷದ ಊಟಕ್ಕೆ ಅಜ್ಜಿ ತಾಂಬಾ ಸೀಮೆಯ ದಪ್ಪ ಕರಿ ಸೋಯಾ ಕಾಳನ್ನು ಸಕ್ಕರೆಯಲ್ಲಿ ಬೇಯಿಸುತ್ತಿದ್ದರು. ಪಾತ್ರೆಗೆ ಬಟ್ಟೆಯಲ್ಲಿ ಕಟ್ಟಿದ ಏನನ್ನೋ ಇಳಿಬಿಟ್ಟರು. ಬಿಚ್ಚಿ ತೋರಿಸಿದರೆ ತುಕ್ಕು ಹಿಡಿದ ಮೊಳೆಗಳು! ಕಬ್ಬಿಣ ಸೇರಿದರೆ ಕಾಳಿನ ಕಪ್ಪು ಬೆಂದರೂ ಬಿಡುವುದಿಲ್ಲ. ಹೊರಗೆ ಜಾಲಂದ್ರದ ಮೇಲೆ ಕೆಂಪಾಗಿ ನಿಂತ ಅದೇ ತುಕ್ಕು ಒಳಗೆ ಒಲೆಯ ಮೇಲೆ ಕಪ್ಪನ್ನು ಕಾಯುತ್ತಿತ್ತು.

ಜನವರಿ ಬಿಳಿ. ಬಿಳಿ ಮಿಸೋ ಸಾರಿನಲ್ಲಿ ದುಂಡನೆಯ ಅಕ್ಕಿಮುದ್ದೆ ಹಾಕಿದ ಕ್ಯೋಟೋದ ಹೊಸವರ್ಷದ ಊಟ, ಗಡಿಗೆಯಷ್ಟು ದೊಡ್ಡ ಶೋಗೊಯಿನ್ ಗೆಡ್ಡೆಯನ್ನು ಕಾಗದದಂತೆ ಹೆರೆದು ಹುಳಿಗೆ ಹಾಕಿದ ಸೆನ್‌ಮಯಿಜುಕೆ, ಬೀದಿ ಮೂಲೆಯ ತೋಫು ಅಂಗಡಿ. ಒಂದು ಬೆಳಿಗ್ಗೆ ಎದ್ದರೆ ಹಿಮ. ನಾನು ಹುಟ್ಟಿದ ಮೇಲೆ ನೋಡಿದ ಮೊದಲ ಹಿಮ ಅದು. ಓಡಿಹೋಗಿ ತೆಗೆದ ಫೋಟೋಗಳಲ್ಲಿ ಅದು ಕೊಳೆ ಬಟ್ಟೆಯ ಬೂದು. ಕ್ಯಾಮೆರಾಕ್ಕೆ ಲೋಕವೆಲ್ಲ ನಡುಬೂದು ಎಂಬ ಲೆಕ್ಕ. ಎದುರಿಗೆ ಬರೀ ಬಿಳಿ ಇದ್ದರೆ ಅದನ್ನೂ ಬೂದಿಗೆ ಎಳೆಯುತ್ತದೆ. ಆಗಸ್ಟಿನಲ್ಲಿ ಕೆಳಗೆಳೆದ ಗುರುತನ್ನು ಈಗ ಮೇಲಕ್ಕೆ ದೂಡಿದೆ. ಹಿಮ ಬೆಳ್ಳಗಾಯಿತು. ಅಮ್ಮ ಬಹಳ ಹೊತ್ತು ಉತ್ತರಿಸಲಿಲ್ಲ. ಸಂಜೆ ಬರೆದಳು, "ಇದಕ್ಕೆ ನಮ್ಮಲ್ಲಿ ಹೆಸರಿಲ್ಲ. ಹತ್ತಿ ಅನ್ನಲಾ, ಕಾಯಿತುರಿ ಅನ್ನಲಾ ಅಂತ ಯೋಚಿಸ್ದೆ. ಎರಡೂ ಅಲ್ಲ."

ಫೆಬ್ರವರಿಯ ನಶ್ಯದ ಬಣ್ಣವನ್ನೂ ಮಾರ್ಚಿನ ಗುಲಾಬಿಯನ್ನೂ ಬೇಗ ಹೇಳಿ ಮುಗಿಸುತ್ತೇನೆ. 2007ರ ನಿಯಮದ ಪ್ರಕಾರ ಕ್ಯೋಟೋದಲ್ಲಿ ಅಂಗಡಿ ಫಲಕಗಳ ಬಣ್ಣ ಅಬ್ಬರಿಸುವಂತಿಲ್ಲ, ಹಾಗಾಗಿ ಮ್ಯಾಕ್‌ಡೊನಾಲ್ಡ್ಸ್ ಫಲಕದ ಕೆಂಪು ಕೂಡ ಇಲ್ಲಿ ಕಂದಾಗಿದೆ. ಅದನ್ನು ಕಳಿಸಿದೆ. ಕಿತಾನೋದಲ್ಲಿ ಉಮೆ ಹೂ ಅರಳಿತ್ತು, ಅದನ್ನೂ ಕಳಿಸಿದೆ. ಎಲೆ ಬರುವ ಮೊದಲೇ ಬೋಳುಕೊಂಬೆಗೆ ಹತ್ತುವ ಹೂ. ಜೂನಿನಲ್ಲಿ ಮತ್ತೆ ಕಾಯಿ.

ಏಪ್ರಿಲಿನಲ್ಲಿ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಅಮ್ಮ ಒಂದು ಬಾಟಲಿ ಅಪ್ಪೆಮಿಡಿ ಕಳಿಸಿದ್ದಳು. ಸೀಲು ಒಡೆದು ಒಂದು ಬಟ್ಟಲಿ‌ನಲ್ಲಿ ಅಜ್ಜಿಗೆ ಒಯ್ದೆ. ಅವರು ಆ ಆಗಸ್ಟಿನ ಉಮೆಬೋಶಿಯ ಭರಣಿ ತೆಗೆದಿಟ್ಟಿದ್ದರು. ಇಬ್ಬರೂ ಅನ್ನದ ಜೊತೆ ಎರಡನ್ನೂ ತಿಂದೆವು. ಅಜ್ಜಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂತು, ಮತ್ತೊಂದು ಮಿಡಿ ತೆಗೆದುಕೊಂಡರು. ಬಟ್ಟಲಿನಲ್ಲಿ ಉಳಿದ ರಸವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡುತ್ತ ಕೇಳಿದರು, "ಈ ಬಣ್ಣಕ್ಕೆ ನಿಮ್ಮಲ್ಲಿ ಏನಂತೀರಿ?"

ನಾನು ಅಮ್ಮನಿಗೆ ಫೋನು ಮಾಡಲಿಲ್ಲ. "ಎಣ್ಣೆಗೆಂಪು" ಅಂದೆ.

ಅಜ್ಜಿ ಎದ್ದುಹೋಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಆ ದಿನದ ಚೌಕದಲ್ಲಿ, ಪೆನ್ಸಿಲಿನಿಂದ ತಮ್ಮ ಲಿಪಿಯಲ್ಲಿ ಒಂದೊಂದೇ ಅಕ್ಷರ ಉಚ್ಚರಿಸಿಕೊಂಡು ಬರೆದರು: ಎನ್, ನೆ, ಗೆ, ಮ್, ಪು.